ತಾನಾಗಿ ಹೆಚ್ಚುವ ಆಯಿಲ್: ಕೈಪಿಡಿ ಬರೆಯುವವರಿಗೊಂದು ಬಹಿರಂಗ ಪತ್ರ

ಗೆ,
ಕಾರಿನ ಓನರ್ಸ್ ಮ್ಯಾನ್ಯುಯಲ್ ಬರೆಯುವ ಮಹನೀಯರು,
ಗ್ಲೋವ್ ಬಾಕ್ಸಿನ ತಳ, ಇನ್ಶೂರೆನ್ಸ್ ಕಾಗದಗಳ ಕೆಳಗೆ.

ವಿಷಯ: ಎಂಜಿನ್ ಆಯಿಲ್ ಖರ್ಚಾಗುವ ಬದಲು ಹೆಚ್ಚುತ್ತಿರುವುದಕ್ಕೆ ಕೃತಜ್ಞತೆ ಸಲ್ಲಿಸುವ ಬಗ್ಗೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಮ್ಮಪ್ಪನ ಕಾಲದ ಕಾರುಗಳು ಆಯಿಲ್ ಕುಡಿಯುತ್ತಿದ್ದವು. ಊರಿಗೆ ಹೊರಟರೆ ಡಿಕ್ಕಿಯಲ್ಲಿ ಒಂದು ಡಬ್ಬ ಆಯಿಲ್ ಇರಲೇಬೇಕಿತ್ತು. ತಾವು ದಯಪಾಲಿಸಿದ ಟರ್ಬೊ ಕಾರು ಆ ಜಾತಿಯದಲ್ಲ. ಇದು ಆಯಿಲ್ ಉತ್ಪಾದಿಸುತ್ತದೆ. ಸರ್ವಿಸ್‌ನಲ್ಲಿ ಮ್ಯಾಕ್ಸ್ ಗುರುತಿಗೆ ಸರಿಯಾಗಿ ತುಂಬಿದ್ದ ಆಯಿಲ್, ಕೆಲವು ತಿಂಗಳು ಕಳೆದು ಡಿಪ್‌ಸ್ಟಿಕ್ ಎಳೆದು ನೋಡಿದರೆ ಗುರುತನ್ನೂ ದಾಟಿ ಮೇಲೆ ನಿಂತಿತ್ತು. ಕೈಯಿಂದ ಏನೂ ಹಾಕದೆ ತಾನಾಗಿ ಬೆಳೆಯುವ ಆಸ್ತಿ ಬೆಂಗಳೂರಿನಲ್ಲಿ ಸೈಟು ಬಿಟ್ಟರೆ ಇದೊಂದೇ.

ಈ ಸಂತೋಷವನ್ನು ಹಂಚಿಕೊಳ್ಳಲು ಸರ್ವಿಸ್ ಸೆಂಟರಿಗೆ ಹೋದೆ. ಅಡ್ವೈಸರ್ ಕಡ್ಡಿ ಎಳೆದು, ವೇಸ್ಟ್ ಬಟ್ಟೆಯಲ್ಲಿ ಒರೆಸಿ, ಮತ್ತೆ ಅದ್ದಿ ತೆಗೆದು ಬೆಳಕಿಗೆ ಹಿಡಿದರು.

"ಲೆವೆಲ್ ಚೆನ್ನಾಗೇ ಇದೆಯಲ್ಲ ಸರ್. ಕಮ್ಮಿ ಆಗಿದ್ರೆ ತಾನೇ ಪ್ರಾಬ್ಲಮ್ಮು?"

"ಸ್ವಲ್ಪ ಮೂಸಿ ನೋಡಿ" ಅಂದೆ.

ಮೂಸಿದರು. "ಪೆಟ್ರೋಲ್ ಗಾಡಿ ಅಲ್ವಾ ಸರ್, ಪೆಟ್ರೋಲ್ ವಾಸ್ನೆ ಬಂದೇ ಬರುತ್ತೆ."

ಎರಡು ಬೆರಳ ನಡುವೆ ಒಂದು ತೊಟ್ಟು ಉಜ್ಜಿ ತೋರಿಸಿದೆ. ಜಿಡ್ಡಾಗಿ ಜಾರಬೇಕಾದದ್ದು ನೀರುನೀರಾಗಿತ್ತು. ಅವರು ವಿನಯದಿಂದ ಕೈ ಒರೆಸಿಕೊಳ್ಳಲು ಬಟ್ಟೆ ಕೊಟ್ಟರು. ಜಾಬ್ ಕಾರ್ಡಿನಲ್ಲಿ ದಾಖಲಾದದ್ದು ಇಷ್ಟು: "ಕಸ್ಟಮರ್ ಕಂಪ್ಲೇಂಟ್, ಆಯಿಲ್ ಜಾಸ್ತಿ. ಚೆಕ್ಡ್, ಫೌಂಡ್ ಓಕೆ."

ಅವರನ್ನು ದೂರಿ ಪ್ರಯೋಜನವಿಲ್ಲ. ಆಯಿಲ್ ಮಿನ್ ಗುರುತಿಗಿಂತ ಕೆಳಗಿಳಿದರೆ ಏನು ಮಾಡಬೇಕೆಂದು ತಾವು ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ. ಮ್ಯಾಕ್ಸ್ ದಾಟಿಸಿ ತುಂಬಬೇಡಿ ಎಂದೂ ಎಚ್ಚರಿಸಿದ್ದೀರಿ. ಯಾರೂ ತುಂಬದೆ ಅದೇ ದಾಟಿದರೆ ಏನು ಮಾಡಬೇಕು ಎಂಬ ಸಾಲು ಮಾತ್ರ ನನಗೆ ಕೊಟ್ಟ ಪುಸ್ತಕದಲ್ಲಿ ಕಾಣಲಿಲ್ಲ.

ಬೆಳೆದದ್ದು ಆಯಿಲ್ ಅಲ್ಲ, ಲೀಟರಿಗೆ ನೂರು ರೂಪಾಯಿ ದಾಟಿರುವ ಪೆಟ್ರೋಲು ಎಂಬುದು ತಮಗೆ ಗೊತ್ತು. ಓದುಗರಿಗಾಗಿ ಹೇಳುತ್ತೇನೆ. ಹಿಂದಿನ ಎಂಜಿನ್ನುಗಳಲ್ಲಿ ಇಂಜೆಕ್ಟರು ಸಿಲಿಂಡರಿನ ಹೊರಗೆ, ಗಾಳಿ ಬರುವ ದಾರಿಯಲ್ಲಿ, ಮೂರು ನಾಲ್ಕು ಬಾರ್ ಒತ್ತಡದಲ್ಲಿ ಪೆಟ್ರೋಲ್ ಸಿಂಪಡಿಸುತ್ತಿತ್ತು. ಅದು ಬಿಸಿ ವಾಲ್ವಿನ ಬೆನ್ನಿಗೆ ತಾಗಿ ಆವಿಯಾಗಿ ಒಳಹೋಗುತ್ತಿತ್ತು. ಮೈಲೇಜೂ ಬೇಕು, ಪಿಕಪ್ಪೂ ಬೇಕು, ಎಂಜಿನ್ ಸಣ್ಣದೂ ಆಗಬೇಕು ಎಂದಾಗ ಡೈರೆಕ್ಟ್ ಇಂಜೆಕ್ಷನ್ ಬಂತು. ಈಗ ಸುಮಾರು 200ರಿಂದ 350 ಬಾರ್ ಒತ್ತಡದಲ್ಲಿ ಪೆಟ್ರೋಲ್ ನೇರ ಸಿಲಿಂಡರಿನೊಳಗೇ ಚಿಮ್ಮುತ್ತದೆ. ಎಂಜಿನ್ ತಣ್ಣಗಿದ್ದಾಗ ಕಂಪ್ಯೂಟರು ಒಂದು ಕೈ ಹೆಚ್ಚೇ ಹಾಕುತ್ತದೆ. ಆವಿಯಾಗಲು ಪುರಸೊತ್ತಾಗದ ಹನಿಗಳು ಸಿಲಿಂಡರಿನ ಗೋಡೆಗೆ ಬಡಿದು, ಅಲ್ಲಿರುವ ಆಯಿಲ್ ಪದರವನ್ನು ತೊಳೆದುಕೊಂಡು, ಪಿಸ್ಟನ್ ರಿಂಗುಗಳ ಸಂದಿಯಿಂದ, ಆಯಿಲ್ ನಿಂತಿರುವ ಕೆಳಗಿನ ಚೇಂಬರಿಗೆ ಇಳಿಯುತ್ತವೆ. ಟರ್ಬೊ ತುರುಕುವ ಗಾಳಿಯಿಂದ ಸಿಲಿಂಡರಿನಲ್ಲಿ ಏರುವ ಒತ್ತಡ ಈ ಇಳಿತಕ್ಕೆ ಹಿಂದಿನಿಂದ ನೂಕು ಕೊಡುತ್ತದೆ. ಈಚೆಗೆ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥನಾಲ್ ಇದೆ. ಆವಿಯಾಗಲು ಅದು ಪೆಟ್ರೋಲಿಗಿಂತ ಎರಡು ಪಟ್ಟಿಗೂ ಹೆಚ್ಚು ಶಾಖ ಕೇಳುತ್ತದೆ. ಬೆಳಗಿನ ತಣ್ಣನೆಯ ಎಂಜಿನ್ನಿಗೆ ಅದೂ ಒಂದು ಹೊರೆ.

ಇದಕ್ಕೆ ಪರಿಹಾರವೂ ಎಂಜಿನ್ನಿನೊಳಗೇ ಇದೆ. ಆಯಿಲ್ ಚೆನ್ನಾಗಿ ಕಾದು, ಅರ್ಧ ಗಂಟೆ ಒಂದೇ ಸಮ ಓಡಿದರೆ ಬಹುಪಾಲು ಪೆಟ್ರೋಲು ಆವಿಯಾಗಿ ಚೇಂಬರಿನ ಆವಿಯನ್ನು ಎಳೆದೊಯ್ಯುವ ಪಿಸಿವಿ ಪೈಪಿನ ಮೂಲಕ ಮತ್ತೆ ಸಿಲಿಂಡರಿಗೇ ಹೋಗಿ ಉರಿದುಹೋಗುತ್ತದೆ. ಕಾಯುವ ಮೊದಲೇ ಸ್ಕೂಲ್ ಗೇಟು ಬಂದುಬಿಟ್ಟರೆ ಚೇಂಬರಿನಲ್ಲೇ ಠಿಕಾಣಿ ಹೂಡುತ್ತದೆ. ನಾಲ್ಕು ಲೀಟರ್ ಆಯಿಲಿಗೆ ಶೇ. 5ರಷ್ಟು ಪೆಟ್ರೋಲ್ ಸೇರಿದರೂ 200 ಮಿಲಿಲೀಟರ್ ಆಯಿತು. ಡಬ್ಬದ ಮೇಲೆ 5ಡಬ್ಲ್ಯೂ-30 ಎಂದು ಬರೆದಿದ್ದ ಆಯಿಲ್ ಒಳಗೆ ಅದಕ್ಕಿಂತ ತೆಳ್ಳಗಿನ ದರ್ಜೆಗೆ ಇಳಿದಿರುತ್ತದೆ. ನಿಮಿಷಕ್ಕೆ ಲಕ್ಷ ಸುತ್ತು ದಾಟುವ ಟರ್ಬೊದ ಶಾಫ್ಟು ನಿಂತಿರುವುದು ಇದೇ ಆಯಿಲಿನ ಪದರದ ಮೇಲೆ. ಟೈಮಿಂಗ್ ಚೈನು, ಕ್ರ್ಯಾಂಕಿನ ಬೇರಿಂಗುಗಳೂ ಇದನ್ನೇ ನಂಬಿವೆ. ಅವು ಜಾಬ್ ಕಾರ್ಡ್ ಓದುವುದಿಲ್ಲ.

ಇಷ್ಟಾದ ಮೇಲೆ ತಮ್ಮ ಕೈಪಿಡಿಯನ್ನು ಭಕ್ತಿಯಿಂದ ಓದತೊಡಗಿದೆ. ಸರ್ವಿಸ್ ವೇಳಾಪಟ್ಟಿಯಲ್ಲಿ ಎರಡು ಪುಟಗಳಿವೆ. ಮೊದಲನೆಯದು ಸಾಮಾನ್ಯ ಬಳಕೆ: ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷಕ್ಕೊಮ್ಮೆ ಆಯಿಲ್ ಚೇಂಜ್. ಎರಡನೆಯದು ತೀವ್ರ ಬಳಕೆ, ಅಕ್ಷರ ಅರ್ಧ ಸೈಜು: ಅವಧಿಯೂ ಅರ್ಧ. ಯಾರು ತೀವ್ರ ಬಳಕೆದಾರರು? ಪಟ್ಟಿ ಇದೆ. ಪದೇ ಪದೇ 8 ಕಿಲೋಮೀಟರಿಗಿಂತ ಹತ್ತಿರಕ್ಕೆ ಓಡಾಡುವವರು. ಎಂಜಿನ್ ಆನ್ ಇಟ್ಟು ಬಹಳ ಹೊತ್ತು ನಿಲ್ಲುವವರು. ನಿಂತು ನಿಂತು ಸಾಗುವ ಟ್ರಾಫಿಕ್ಕಿನವರು. ಧೂಳಿನ ರಸ್ತೆಯವರು, ಕೆಟ್ಟ ರಸ್ತೆಯವರು, ಘಟ್ಟ ಹತ್ತಿ ಇಳಿಯುವವರು. ಗಂಟೆಗೆ 170 ಕಿಲೋಮೀಟರ್ ಮೀರಿ ಓಡಿಸುವವರನ್ನೂ ಕೆಲವು ಕೈಪಿಡಿಗಳು ಇದೇ ಸಾಲಿಗೆ ಸೇರಿಸುತ್ತವೆ. ಅದೊಂದು ಕಳಂಕದಿಂದ ಮಾತ್ರ ಸಿಲ್ಕ್ ಬೋರ್ಡ್ ಜಂಕ್ಷನ್ನಿನ ಟ್ರಾಫಿಕ್ಕು ನಮ್ಮನ್ನು ಕಾಪಾಡಿದೆ.

ಮಾನ್ಯರೇ, ಈ ಪಟ್ಟಿಯಿಂದ ಹೊರಗುಳಿಯುವ ಸಾಮಾನ್ಯ ಬಳಕೆದಾರ ಯಾರು? ನನ್ನ ಕಲ್ಪನೆ ಹೀಗಿದೆ. ಅವರ ಮನೆ ಸೀದಾ ಹೆದ್ದಾರಿಗೆ ತೆರೆದುಕೊಂಡಿದೆ. ಎಲ್ಲಿಗೇ ಹೊರಟರೂ ಮೂವತ್ತು ಕಿಲೋಮೀಟರ್ ಆಚೆಗೇ ಹೋಗುತ್ತಾರೆ, ಕೊತ್ತಂಬರಿ ಸೊಪ್ಪು ತರಲು ಸಹ. ದಾರಿಯಲ್ಲಿ ಸಿಗ್ನಲ್ ಇಲ್ಲ, ಮೆಟ್ರೋ ಕಾಮಗಾರಿ ಇಲ್ಲ, ಅಡ್ಡ ಬರುವ ಮೆರವಣಿಗೆ ಇಲ್ಲ. ಅವರ ಊರಲ್ಲಿ ಧೂಳು ಏಳುವುದಿಲ್ಲ, ಸೆಖೆ ಆಗುವುದಿಲ್ಲ. ಮಡಿಕೇರಿಗೆ, ಆಗುಂಬೆಗೆ ಅವರು ಬಸ್ಸಿನಲ್ಲಿ ಹೋಗುತ್ತಾರೆ. ಇಂಥವರೊಬ್ಬರು ಎಲ್ಲಾದರೂ ಇದ್ದರೆ ದಯವಿಟ್ಟು ವಿಳಾಸ ತಿಳಿಸಿ. ಅವರ ಕಾರನ್ನು ಸೆಕೆಂಡ್ ಹ್ಯಾಂಡಿನಲ್ಲಿ ಕೊಳ್ಳುತ್ತೇನೆ.

ವಿಶೇಷವೇನೆಂದರೆ, ಕಾರು ಮಾರುವಾಗ ತಮ್ಮ ಬ್ರೋಷರಿನವರು ಇವರನ್ನು ನೆನೆಯುವುದೇ ಇಲ್ಲ. ಅಲ್ಲಿ ಎಲ್ಲವೂ ಸಿಟಿ: ಸಿಟಿಗೆ ಹೇಳಿ ಮಾಡಿಸಿದ ಟರ್ಬೊ, ಸಿಟಿಯ ಗಲ್ಲಿಯಲ್ಲೂ ಸಲೀಸು, ಸಿಗ್ನಲ್ ಬಿಟ್ಟ ಕೂಡಲೇ ಚಿಮ್ಮುವ ಪಿಕಪ್. ಐದು ವರ್ಷದ ಸರ್ವಿಸ್ ಖರ್ಚಿನ ಲೆಕ್ಕವನ್ನು ಶೋರೂಮಿನಲ್ಲಿ ಹಾಕಿ ತೋರಿಸುವುದು ಮಾತ್ರ ಸಾಮಾನ್ಯ ಬಳಕೆಯ ಪುಟದಿಂದ. ಮುಂದೊಂದು ದಿನ ಟರ್ಬೊ ಕೂಗತೊಡಗಿ ವಾರಂಟಿ ಕೇಳಲು ಹೋದಾಗ ಎರಡನೆಯ ಪುಟ ಎಲ್ಲರ ನೆನಪಿಗೂ ಬರುತ್ತದೆ. ಕೊಳ್ಳುವ ದಿನ ಒಂದು ಪುಟ, ಕೆಟ್ಟ ದಿನ ಇನ್ನೊಂದು ಪುಟ. ನನ್ನ ತಕರಾರು ಪೆಟ್ರೋಲು ಆಯಿಲಿಗೆ ಇಳಿಯುವುದಕ್ಕಿಂತ ಹೆಚ್ಚಾಗಿ ಈ ಎರಡು ಪುಟಗಳ ಬಗ್ಗೆ.

ಡೀಸೆಲ್ ಕೊಂಡವರು ಬುದ್ಧಿವಂತರು ಎಂದುಕೊಂಡಿದ್ದೆ. ಪಕ್ಕದ ಫ್ಲ್ಯಾಟಿನವರ ಡೀಸೆಲ್ ಕಾರಿನ ಕಡ್ಡಿಯಲ್ಲೂ ಮಟ್ಟ ಮೇಲೇರಿದೆ. 2020ರ ಏಪ್ರಿಲ್ 1ರಿಂದ ಬಿಎಸ್-6 ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಯ ದಾರಿಯಲ್ಲಿ ಡಿಪಿಎಫ್ ಎಂಬ ಮಸಿ ಹಿಡಿಯುವ ಫಿಲ್ಟರ್ ಕೂತಿದೆ. ನಗರದ ಗಾಳಿಗೆ ಅದು ಒಳ್ಳೆಯದೇ. ಆದರೆ ಮಸಿ ತುಂಬಿದಾಗ ಅದನ್ನು ಸುಮಾರು 600 ಡಿಗ್ರಿ ಶಾಖದಲ್ಲಿ ಸುಡಬೇಕು. ಅದಕ್ಕಾಗಿ ಅನೇಕ ಎಂಜಿನ್ನುಗಳು ಉರಿಯುವ ಹಂತ ಮುಗಿದ ಮೇಲೂ ಸಿಲಿಂಡರಿಗೆ ಸ್ವಲ್ಪ ಡೀಸೆಲ್ ಹಾಕಿ ಹೊಗೆಯ ಜೊತೆ ಹೊರಗೆ ಕಳಿಸುತ್ತವೆ. ಅದರಲ್ಲಿ ಒಂದಿಷ್ಟು ಗೋಡೆ ಹಿಡಿದು ಕೆಳಗಿಳಿಯುತ್ತದೆ. ಹದಿನೈದು ಇಪ್ಪತ್ತು ನಿಮಿಷ ಒಂದೇ ವೇಗದಲ್ಲಿ ಓಡಿದರೆ ಮಸಿ ಸುಟ್ಟು ಕೆಲಸ ಮುಗಿಯುತ್ತದೆ. ಹೆಬ್ಬಾಳದಲ್ಲಿ ಶುರುವಾದದ್ದನ್ನು ಮೇಖ್ರಿ ಸರ್ಕಲ್ಲಿನಲ್ಲಿ ಕೀ ತಿರುಗಿಸಿ ನಿಲ್ಲಿಸಿದರೆ, ನಾಳೆ ಮತ್ತೆ ಮೊದಲಿನಿಂದ ಡೀಸೆಲ್ ಹಾಕುವ ಕೆಲಸ. ಪೆಟ್ರೋಲಾದರೂ ಬಿಸಿಗೆ ಹಾರಿಹೋಗುತ್ತದೆ. ಡೀಸೆಲ್ ಅಷ್ಟು ಸುಲಭಕ್ಕೆ ಆವಿಯಾಗುವುದಿಲ್ಲ, ಬಂದದ್ದು ಬಂದ ಹಾಗೇ ಉಳಿಯುತ್ತದೆ. ಮಟ್ಟ ಮಿತಿಮೀರಿ ಏರಿದರೆ ಡೀಸೆಲ್ ಎಂಜಿನ್ ತನ್ನ ಚೇಂಬರಿನ ಆಯಿಲನ್ನೇ ಎಳೆದುಕೊಂಡು ಉರಿಸಿ, ಕೀ ತೆಗೆದರೂ ನಿಲ್ಲದೆ ಓಡುವ ಅಪಾಯವೂ ಇದೆ.

ಹೀಗಾಗಿ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹೊಸ ಭಾನುವಾರದ ವ್ರತವೊಂದು ಹುಟ್ಟಿದೆ. ಬೆಳಗ್ಗೆ ಬೇಗ ಎದ್ದು ಮೈಸೂರು ರಸ್ತೆ ಹಿಡಿದು ಬಿಡದಿಗೆ ಹೋಗಿ ತಟ್ಟೆ ಇಡ್ಲಿ ತಿಂದು ಬರುವುದು. ಹೊಟ್ಟೆಗಲ್ಲ, ಡಿಪಿಎಫ್‌ಗೆ. ಉಳಿದ ಆರು ದಿನ ಸಿಟಿಯಲ್ಲಿ ಓಡಾಡಿದ ಪಾಪಕ್ಕೆ ಹೆದ್ದಾರಿಯಲ್ಲಿ ಪ್ರಾಯಶ್ಚಿತ್ತ. ಹೊಗೆ ಕಡಿಮೆ ಮಾಡಲು ತಂದ ಕಾರನ್ನು ಚೊಕ್ಕಟ ಮಾಡಲು ಎಪ್ಪತ್ತು ಕಿಲೋಮೀಟರಿನ ಡೀಸೆಲ್ ಸುಡಬೇಕಾಗಿರುವುದನ್ನು ಪರಿಸರವಾದಿಗಳು ಗಮನಿಸಬಾರದೆಂದು ಪ್ರಾರ್ಥನೆ.

ತಮಗೆ ಇದೆಲ್ಲ ಹೊಸ ಸುದ್ದಿಯೇನಲ್ಲ. 2018ರಲ್ಲಿ ಚೀನಾದಲ್ಲಿ ಹೋಂಡಾದ 1.5 ಲೀಟರ್ ಟರ್ಬೊ ಸಿಆರ್-ವಿಗೂ ಇದೇ ಆಗಿತ್ತು. ಚಳಿ ಪ್ರದೇಶದ ಹತ್ತಿರದ ಓಡಾಟದಲ್ಲಿ ಆಯಿಲ್ ಮಟ್ಟ ಏರಿತು. ಕಂಪನಿ ಮೊದಲು ಮುಂದಿಟ್ಟ ರೀಕಾಲ್ ಯೋಜನೆ ಸಾಲದೆಂದು ಅಲ್ಲಿನ ಸರ್ಕಾರಿ ಗುಣಮಟ್ಟ ಇಲಾಖೆ ತಿರಸ್ಕರಿಸಿತು. ಕಂಪನಿ ಹೊಸ ಸಿಆರ್-ವಿ ಮಾರಾಟವನ್ನೇ ಕೆಲಕಾಲ ನಿಲ್ಲಿಸಬೇಕಾಯಿತು. ಅಮೆರಿಕದಲ್ಲೂ ಸಾಫ್ಟ್‌ವೇರ್ ಬದಲಿಸಿ, ಆ ಎಂಜಿನ್ನುಗಳ ವಾರಂಟಿ ವಿಸ್ತರಿಸಿದರು. ಗ್ರಾಹಕರ ಓಡಾಟವೇ ತೀವ್ರವಾಗಿತ್ತು ಎಂದು ಹೇಳಿ ಅಲ್ಲಿ ಕೈತೊಳೆದುಕೊಳ್ಳಲು ಆಗಲಿಲ್ಲ. ಅಲ್ಲಿ ಚಳಿಗಾಲ ಮಾಡಿದ ಕೆಲಸವನ್ನು ಇಲ್ಲಿ ವರ್ಷಪೂರ್ತಿ ಸಿಗ್ನಲ್ಲುಗಳು ಮಾಡುತ್ತಿವೆ.

ಆದ್ದರಿಂದ ಕೆಳಕಂಡ ಬೇಡಿಕೆಗಳನ್ನು ತಮ್ಮ ಸನ್ನಿಧಿಯಲ್ಲಿ ಇಡುತ್ತಿದ್ದೇನೆ:

1. ಭಾರತದ ನಗರಗಳ ಮಟ್ಟಿಗೆ ಎರಡನೆಯ ಪುಟವನ್ನು ಮೊದಲನೆಯದಾಗಿ ಮಾಡಿ. ಐದು ಸಾವಿರ ಕಿಲೋಮೀಟರ್ ಅಥವಾ ಆರು ತಿಂಗಳು, ಯಾವುದು ಮೊದಲೋ ಅದು. ಶೋರೂಮಿನ ಖರ್ಚಿನ ಲೆಕ್ಕವೂ ಅದರಿಂದಲೇ ಬರಲಿ.

2. ಆಯಿಲ್ ತಾನಾಗಿ ಮ್ಯಾಕ್ಸ್ ದಾಟಿದರೆ ಏನು ಮಾಡಬೇಕೆಂದು ಒಂದು ಸಾಲು ಬರೆಯಿರಿ. ಹೆಚ್ಚಿದ್ದನ್ನು ಹೀರಿ ತೆಗೆದರೆ ಸಾಲದು, ಪೂರ್ತಿ ಬದಲಿಸಬೇಕು. ಇಂಜೆಕ್ಟರ್ ಸೋರುತ್ತಿದೆಯೇ, ಥರ್ಮೋಸ್ಟಾಟ್ ತೆರೆದೇ ಉಳಿದು ಎಂಜಿನ್ ಕಾಯುತ್ತಿಲ್ಲವೇ ಎಂದು ನೋಡಬೇಕು.

3. ಡಿಪಿಎಫ್ ಮಸಿ ಸುಡುತ್ತಿರುವಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ದೀಪ ಹತ್ತಲಿ. ಐಡ್ಲಿಂಗ್ ಏರಿದೆಯೇ, ಫ್ಯಾನು ಯಾಕೆ ಬೊಬ್ಬೆ ಹಾಕುತ್ತಿದೆ ಎಂದು ನಾವು ಕಣಿ ಕೇಳುವುದು ತಪ್ಪುತ್ತದೆ.

4. ಟೆಸ್ಟ್ ಡ್ರೈವ್ ಸಂಜೆ ಆರು ಗಂಟೆಗೆ, ಟಿನ್ ಫ್ಯಾಕ್ಟರಿಯಿಂದ ಮಾರತಹಳ್ಳಿಯವರೆಗೆ ನಡೆಯಲಿ.

ಇವು ಈಡೇರುವವರೆಗೆ ನಮ್ಮ ಕೆಲಸ ನಾವು ಮಾಡಿಕೊಳ್ಳುತ್ತೇವೆ. ತಿಂಗಳಿಗೊಮ್ಮೆ ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆಫ್ ಮಾಡಿ ಹತ್ತು ನಿಮಿಷ ಬಿಟ್ಟು, ಕಡ್ಡಿ ಎಳೆದು ನೋಡುತ್ತೇವೆ, ಮೂಸುತ್ತೇವೆ. ಬೆಳಗ್ಗೆ ಪಾರ್ಕಿಂಗಿನಲ್ಲಿ ನಿಲ್ಲಿಸಿಕೊಂಡೇ ಎಂಜಿನ್ ಕಾಯಿಸುವ ಚಟ ಬಿಟ್ಟು, ಸ್ಟಾರ್ಟ್ ಮಾಡಿದ ಕೂಡಲೇ ಮೆಲ್ಲಗೆ ಹೊರಡುತ್ತೇವೆ. ತರಕಾರಿ, ಬ್ಯಾಂಕು, ಟೈಲರು ಎಲ್ಲವನ್ನೂ ಒಂದೇ ಸುತ್ತಿನಲ್ಲಿ ಮುಗಿಸುತ್ತೇವೆ. ಮೂಲೆಯಂಗಡಿಗೆ ಕಾಲಿದೆ. ತೆಳ್ಳಗಾಯಿತೆಂದು ಯಾರೋ ಹೇಳಿದ ದಪ್ಪ ಆಯಿಲ್ ಸುರಿಯದೆ, ತಾವು ಹೇಳಿದ ಗ್ರೇಡನ್ನೇ, ತಾವು ಹೇಳಿದ ಅರ್ಧ ಅವಧಿಗೆ ಹಾಕಿಸುತ್ತೇವೆ.

ಇದಿಷ್ಟನ್ನೂ ತಾವೇ ಬರೆದಿದ್ದರೆ ಒಂದು ಪುಟ ಆಗುತ್ತಿತ್ತು. ಜಾಗವಿಲ್ಲ ಎನ್ನುವುದಾದರೆ, ಮೊಬೈಲಿಗೆ ಬ್ಲೂಟೂತ್ ಜೋಡಿಸುವ ವಿಧಾನಕ್ಕೆ ಮೀಸಲಿಟ್ಟಿರುವ ಪುಟಗಳಲ್ಲಿ ಒಂದನ್ನು ಬಿಟ್ಟುಕೊಡಬೇಕಾಗಿ ವಿನಂತಿ.

ಇಂತಿ ತಮ್ಮ ವಿಧೇಯ,
ಮಗಳನ್ನು ಸ್ಕೂಲಿಗೆ ಬಿಟ್ಟುಬರುವ ಒಬ್ಬ ತೀವ್ರ ಬಳಕೆದಾರ
ಬೆಂಗಳೂರು