ಬೈ ಬಂದರೆ ಪ್ಯಾಸಿವ್

ಫೆಬ್ರವರಿ ಮುಗಿಯುವ ಹೊತ್ತಿಗೆ ಕೊತ್ತಗೆರೆಯಂಥ ಹೋಬಳಿ ಊರುಗಳ ಹತ್ತನೇ ಕ್ಲಾಸಿನಲ್ಲಿ ಇಂಗ್ಲಿಷ್ ವ್ಯಾಕರಣ ಹಲ್ಲಿಶಕುನದ ಪಟ್ಟಿಯಂತಾಗಿಬಿಡುತ್ತದೆ. ಇಂಥದ್ದು ಬಿದ್ದರೆ ಇಂಥ ಫಲ. ಲೈಕ್ ಬಂದರೆ ಸಿಮಿಲಿ, ಬೈ ಬಂದರೆ ಪ್ಯಾಸಿವ್. ಎಸ್ಸೆಸ್ಸೆಲ್ಸಿಯ ದ್ವಿತೀಯ ಭಾಷೆಗೆ ಬರವಣಿಗೆಯಲ್ಲಿ 80, ಆಂತರಿಕ 20. ಆ ಎಂಬತ್ತರಲ್ಲಿ ಒಂದೊಂದೂ ಅಮೂಲ್ಯವಾದ್ದರಿಂದ ಮಕ್ಕಳು ಪಟ್ಟಿಯನ್ನು ಭಕ್ತಿಯಿಂದ ನಂಬುತ್ತಾರೆ. ನಂಬಿದ ಮೇಲೆ 'ಐ ಲೈಕ್ ಮ್ಯಾಂಗೋಸ್' ಎಂಬುದೂ ಸಿಮಿಲಿಯೇ. 'ಹಿ ಕೇಮ್ ಬೈ ಬಸ್' ಎಂಬುದೂ ಪ್ಯಾಸಿವ್ವೇ. ಆಕ್ಟಿವ್ ಮಾಡು ಅಂದರೆ ಬಸ್ಸೇ ಅವನನ್ನು ಬರುತ್ತದೆ. ಹೇಳಿಕೊಟ್ಟ ಸೂತ್ರವನ್ನು ಇಷ್ಟು ನಿಷ್ಠೆಯಿಂದ ಪಾಲಿಸಿದ ಹುಡುಗನನ್ನು ದಡ್ಡ ಅನ್ನುವುದು ಅನ್ಯಾಯ.

ಯಾಕೆಂದರೆ ಅದೇ ಹುಡುಗ ಪಕ್ಕದ ಪಿರಿಯಡ್ಡಿನಲ್ಲಿ, ಕನ್ನಡ ಮೇಷ್ಟ್ರ ಎದುರಿಗೆ, ಬೇರೆಯೇ ಆಸಾಮಿ. ಅಲ್ಲಿ ಅಲಂಕಾರದ ಹೆಸರು ಬರೆದರೆ ಸಾಲದು. ಲಕ್ಷಣ ಬರೆಯಬೇಕು, ಸಮನ್ವಯ ಮಾಡಬೇಕು. ಉಪಮೇಯ ಯಾವುದು, ಉಪಮಾನ ಯಾವುದು, ವಾಚಕಪದ ಎಲ್ಲಿದೆ, ಸಮಾನಧರ್ಮವೇನು ಎಂದು ನಾಲ್ಕಕ್ಕೂ ಲೆಕ್ಕ ಒಪ್ಪಿಸಬೇಕು. ಈ ಸೀಮೆಯಲ್ಲಿ ಉದಾಹರಣೆಗೆ ದೂರ ಹೋಗಬೇಕಾಗಿಯೂ ಇಲ್ಲ. ಕುಣಿಗಲ್ ಕೆರೆಯ ಜನಪದ ಹಾಡು ಏರಿಯ ಬಾಗಿಗೆ ಬಾಳೆಹಣ್ಣನ್ನು, ತುಂಬಿದ ನೀರಿಗೆ ನಿಂಬೆಹಣ್ಣನ್ನು ತಂದಿಟ್ಟಿದೆ. ಮೊದಲನೆಯದರಲ್ಲಿ ಏರಿ ಉಪಮೇಯ, ಬಾಳೆಹಣ್ಣು ಉಪಮಾನ, ಬಾಗಿರುವುದು ಸಮಾನಧರ್ಮ, 'ಅಂತೆ' ವಾಚಕ. ಆದರೆ 'ನಾಳೆ ಸ್ಕೂಲಿಗೆ ರಜವಂತೆ' ಅಂದಾಗಲೂ ಒಂದು 'ಅಂತೆ' ಇದೆಯಲ್ಲ! ಅದನ್ನು ಉಪಮಾಲಂಕಾರ ಎಂದು ಬರೆದ ಹುಡುಗ ಇನ್ನೂ ಹುಟ್ಟಿಲ್ಲ. ಉಪಮಾನವೇ ಇಲ್ಲ ಎಂಬುದು ಅವನಿಗೆ ಯಾರೂ ಹೇಳದೆ ಗೊತ್ತು. ಹೀಗಿರುವಾಗ ಮಾವಿನಹಣ್ಣಿನ ಇಂಗ್ಲಿಷ್ ವಾಕ್ಯಕ್ಕೂ ಅದೇ ನಾಲ್ಕು ಪ್ರಶ್ನೆ ಹಾಕಿಸಿದ್ದರೆ ಲೈಕು ಅಲ್ಲೇ ಸಿಕ್ಕಿಬೀಳುತ್ತಿತ್ತು. ಇಂಗ್ಲಿಷ್ ರಿವಿಜನ್ನಿಗೆ ಬೇಕಾದದ್ದು ಹೊಸ ಗೈಡಲ್ಲ, ಕನ್ನಡ ಪಿರಿಯಡ್ಡಿನ ಸಮನ್ವಯ ಎಂಬುದು ನನ್ನ ವಾದ.

ಪರೀಕ್ಷೆ ತಲೆಯ ಮೇಲಿರುವಾಗ ಸಮನ್ವಯಕ್ಕೆ ಪುರುಸೊತ್ತೆಲ್ಲಿ, ಸೂತ್ರದಿಂದ ಒಂದಂಕ ಬಂದರೂ ಬಂತಲ್ಲ ಅನ್ನುವವರಿದ್ದಾರೆ. ಮನೆಯಲ್ಲಿ ಇಂಗ್ಲಿಷ್ ಓದಿದವರಿಲ್ಲದ ಮಗುವಿಗೆ ಆ ಒಂದಂಕ ಸಣ್ಣದಲ್ಲ, ಒಪ್ಪಿದೆ. ಆದರೆ ಸೂತ್ರ ಅಂಕ ಕೊಡುವಷ್ಟೇ ಧಾರಾಳವಾಗಿ ಕಳೆಯುತ್ತದೆ. ಪ್ಯಾಸಿವ್ವನ್ನೇ ನೋಡಿ. 'ರಾಮನಿಂದ ಮರವು ಕಡಿಯಲ್ಪಟ್ಟಿತು' ಎಂದು ಕುಣಿಗಲ್ ಸಂತೆಯಲ್ಲಿ ಯಾರೂ ಮಾತಾಡುವುದಿಲ್ಲ, ನಿಜ. ಆದರೆ ಲೋಟ ಒಡೆದ ಮಗು 'ಲೋಟ ಒಡೆದುಹೋಯ್ತು' ಅನ್ನುತ್ತದೆ. ಒಡೆದವರು ವಾಕ್ಯದಿಂದ ಪರಾರಿ! ಇಂಗ್ಲಿಷಿನ ಪ್ಯಾಸಿವ್ವಿಗೂ ಬಹುಪಾಲು ಇದೇ ಕೆಲಸ: ತಪ್ಪಾಯಿತು ಅನ್ನುವುದು, ಯಾರಿಂದ ಎಂಬುದನ್ನು ನುಂಗುವುದು. ಬೈ ಇರಲೇಬೇಕೆಂದು ಕಲಿತವನ ಕಣ್ಣಿಗೆ ಸರ್ಕಾರಿ ಪ್ರಕಟಣೆಯ ಪ್ಯಾಸಿವ್ವುಗಳಲ್ಲಿ ಮುಕ್ಕಾಲು ಪಾಲು ಬೀಳುವುದೇ ಇಲ್ಲ.

ಇಂಗ್ಲಿಷ್ ಪಿರಿಯಡ್ಡಿಗೆ ಕನ್ನಡ ತಂದರೆ ಇಂಗ್ಲಿಷ್ ಕೆಡುತ್ತದೆ ಎಂಬುದು ಇನ್ನೊಂದು ಭಯ. ಇದೇ ಜಿಲ್ಲೆಯ ಸಂಪಿಗೆಯಲ್ಲಿ ಹುಟ್ಟಿದ ಬಿ.ಎಂ. ಶ್ರೀಕಂಠಯ್ಯನವರು ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಲೇ 'ಇಂಗ್ಲಿಷ್ ಗೀತಗಳು' ಬರೆದರು. ಕೆಟ್ಟದ್ದು ಯಾವುದೂ ಕಾಣೆ. ಒಂದು ಕಡೆ ಮಾತ್ರ ಕನ್ನಡ ಕೈಕೊಡುತ್ತದೆ, ಕ್ವೆಶ್ಚನ್ ಟ್ಯಾಗಿನಲ್ಲಿ. ನಮ್ಮ ಒಂದೇ 'ಅಲ್ವಾ' ಅವನಿಗೂ ಅವಳಿಗೂ ನಿನ್ನೆಗೂ ನಾಳೆಗೂ ಆಗುತ್ತದೆ. ಇಂಗ್ಲಿಷಿಗೆ ಇಸಂಟು, ಡಿಡಂಟು, ಕಾಂಟು ಎಲ್ಲ ಬೇರೆಬೇರೆ ಬೇಕು. ಅದೂ ಹೋಗಲಿ, 'ಐ ಆಮ್ ಲೇಟ್' ಎಂದವನು ತನ್ನದೇ ಆಮನ್ನು ಬಿಟ್ಟು 'ಆರಂಟ್ ಐ' ಎಂದು ಕೇಳಬೇಕಂತೆ. ಇದನ್ನು ಧಾರಾಳವಾಗಿ ಬಾಯಿಪಾಠ ಮಾಡಿಸಲಿ. ಇದಕ್ಕೆ ಸಮನ್ವಯ ಬರೆಯಿರಿ ಅಂದರೆ ಲಂಡನ್ನಿನ ಮೇಷ್ಟ್ರೂ ಪೆನ್ನಿನಲ್ಲಿ ಇಂಕಿಲ್ಲ ಅಂದಾರು.