ಸೀಜನ್ ಕಾಕಾ

ಪೊಲೀಸರು ಬಂದರೂ ತಲೆ ಎತ್ತಿ ನೋಡದ ಚಿಕ್ಕೇರೂರು ಸಂತೆಯ ಕಾಯಿಪಲ್ಯೆ ಹೆಂಗಸರು ಸೀಜನ್ ಕಾಕಾ ಬಂದರೆ ಮಾತ್ರ ಬುಟ್ಟಿಯ ಮೇಲೆ ಗೋಣಿತಾಟು ಎಳೆದುಬಿಡುತ್ತಾರೆ. ಹಿರೇಕೆರೂರು, ಹಾನಗಲ್ಲು, ಶಿಗ್ಗಾವಿ, ಸವಣೂರು ಕಡೆ ಯಾವ ಊರಿಗೆ ಹೋದರೂ ಇಂಥವರೊಬ್ಬರು ಇದ್ದೇ ಇರುತ್ತಾರೆ. ಬಿಳಿ ಟೋಪಿ, ಮಡಚಿದ ಕೈಚೀಲ. ಚೀಲ ಖಾಲಿ ಬರುತ್ತದೆ, ಬಹಳ ಸಲ ಖಾಲಿಯೇ ಮನೆಗೆ ಹೋಗುತ್ತದೆ. ಅವರು ಕೊಳ್ಳಲಿಕ್ಕೆ ಬಂದವರಲ್ಲ, ತಪಾಸಣೆಗೆ ಬಂದವರು.

ಬೆಂಡೆಕಾಯಿಯ ತುದಿ ಲಟಕ್ಕೆಂದು ಮುರಿಯುತ್ತಾರೆ. ಸೋರೆಕಾಯಿಗೆ ಹೆಬ್ಬೆರಳಿನ ಉಗುರು ಊರಿ, ಒಸರಿದ ನೀರನ್ನು ಬೆಳಕಿಗೆ ಹಿಡಿದು ನೋಡುತ್ತಾರೆ. ಬದನೆಕಾಯಿಯ ತೊಟ್ಟೆತ್ತಿ ಕೆಳಗಿನ ಬಿಳುಪು ಎಷ್ಟಿದೆ ಎಂದು ಪರೀಕ್ಷಿಸುತ್ತಾರೆ. ಆಮೇಲೆ ಪ್ರಶ್ನೆ: "ಇದು ಯಾವ ಮಳಿಗೆ ಹಾಕಿದ್ದವಾ?"

"ಮಳಿಗೀಳಿ ಗೊತ್ತಿಲ್ಲ ಕಾಕಾ. ಮುಂಜಾನಿ ಲಾರಿಗೆ ಬಂದೈತಿ."

ಕಾಕಾನ ಕ್ಯಾಲೆಂಡರಿನಲ್ಲಿ ಜನವರಿ, ಫೆಬ್ರವರಿ ಇಲ್ಲ. ಇರುವುದು 27 ನಕ್ಷತ್ರ, ಒಂದೊಂದಕ್ಕೆ ಹದಿಮೂರೋ ಹದಿನಾಲ್ಕೋ ದಿನ. ರೋಹಿಣಿ ಕಳೆದು ಮೃಗಶಿರ ಹೊಕ್ಕರೆ ನೇರಳೆಹಣ್ಣು. ಶ್ರಾವಣಕ್ಕೆ ಹೀರೇಕಾಯಿ, ನವರಾತ್ರಿಗೆ ಸೀತಾಫಲ. ಚಳಿ ಬಿದ್ದ ಮೇಲೆ ಹಕ್ಕರಕಿ, ಮೆಂತ್ಯೆ, ಅವರೆ, ಆಮೇಲೆ ಕಡಲೆಯ ಸುಲಗಾಯಿ, ಬಾರಿಹಣ್ಣು. ಹಾನಗಲ್ಲಿನ ಆಪೂಸು ಬೇಸಿಗೆಗೆ, ಅದಕ್ಕೂ ಮೊದಲು ಮಾವಿನಹಣ್ಣು ಕಂಡರೆ ಕಾಕಾನಿಗೆ ಶೀಲದ ಪ್ರಶ್ನೆ. ತೊಟ್ಟಿನ ಹತ್ತಿರ ಮೂಗಿಟ್ಟು, "ವಾಸನಿ ಇಲ್ಲ. ಕಾರ್ಬೈಡು," ಎಂದು ಇಡೀ ಸಂತೆಗೆ ಕೇಳುವಂತೆ ತೀರ್ಪು ಕೊಡುತ್ತಾರೆ. ಕಾರ್ಬೈಡಿನಿಂದ ಹಣ್ಣು ಮಾಡುವುದನ್ನು ಸರ್ಕಾರವೇ ನಿಷೇಧಿಸಿರುವುದರಿಂದ ಅವರ ದನಿಗೆ ಕಾನೂನಿನ ಬಲವೂ ಇದೆ. ಮೂಗಂತೂ ಸುಳ್ಳು ಹೇಳುವುದಿಲ್ಲ ಎಂಬುದನ್ನು ನಾನೂ ಒಪ್ಪುತ್ತೇನೆ. ತೊಂದರೆ ಮೂಗಿನದ್ದಲ್ಲ, ಬಾಯಿಯದ್ದು.

ಆಪೂಸು ಒಂದು ವರ್ಷ ಮೈತುಂಬ ಬಿಟ್ಟರೆ ಮರುವರ್ಷ ಕೈಕೊಡುವ ಜಾತಿ. ಕಾಕಾನಿಗೆ ಆ ಗುಣದ ಬಗ್ಗೆ ಅಪಾರ ಗೌರವ. "ಗಿಡಾನೂ ದಣೀತೈತಿ, ರಜಾ ಹಾಕತೈತಿ." ಬುಡಕ್ಕೆ ಕಲ್ಟಾರ್ ಸುರಿದು ಪ್ರತಿವರ್ಷ ಹೂ ಬಿಡಿಸುವ ತೋಟದವರನ್ನು ಕಂಡರೆ, ರಜೆ ಕೊಡದ ಸಾಹೇಬರನ್ನು ಕಂಡ ಗುಮಾಸ್ತನ ಹಾಗೆ ಮುಖ ಮಾಡುತ್ತಾರೆ. ಅವರ ಸ್ವಂತ ಮಾವು ಒಳಕೋಣೆಯಲ್ಲಿ, ಭತ್ತದ ಹುಲ್ಲಿನ ಅಡಿಯಲ್ಲಿ ಹಣ್ಣಾಗುತ್ತದೆ. ಆ ಕೋಣೆಗೆ ಯಾರಿಗೂ ಪ್ರವೇಶವಿಲ್ಲ, ಇಲಿಗಳನ್ನು ಬಿಟ್ಟರೆ.

2023ರ ಜುಲೈನಲ್ಲಿ ಟೊಮೆಟೊ ಕಿಲೋಗೆ ನೂರು ರೂಪಾಯಿ ದಾಟಿದಾಗ ಊರಿನಲ್ಲಿ ಸಂತೋಷದಿಂದ ಓಡಾಡುತ್ತಿದ್ದ ಏಕೈಕ ವ್ಯಕ್ತಿ ಕಾಕಾ. "ನಮ್ಮ ಅಜ್ಜ ಹುಣಸಿಹಣ್ಣಿನ ಸಾರು ಉಂಡು ತೊಂಬತ್ತು ವರ್ಷ ಬದುಕ್ಯಾನ. ಟೊಮೆಟೊ ಎಲ್ಲಿದ್ದೋ? ಅಮೆರಿಕಾದ್ದು!" ಕಟ್ಟೆಯ ಮೇಲಿದ್ದ ಹೈಸ್ಕೂಲು ಮಾಸ್ತರರು ಮೆಣಸಿನಕಾಯಿಯೂ ಅಮೆರಿಕದಿಂದಲೇ, ಪೋರ್ಚುಗೀಸರ ಹಡಗಿನಲ್ಲಿ ಬಂದದ್ದು ಎಂದರು. ಒಂದು ಕ್ಷಣ ಕಟ್ಟೆ ಸ್ತಬ್ಧ. ಬ್ಯಾಡಗಿ ಮೆಣಸಿನಕಾಯಿಯ ವಿರುದ್ಧ ನಮ್ಮ ಜಿಲ್ಲೆಯಲ್ಲಿ ಕೂತು ಮಾತಾಡುವುದೆಂದರೇನು! ಕಾಕಾ ಟೋಪಿ ಸರಿಮಾಡಿಕೊಂಡು, "ಅದಕ್ಕ ಸರ್ಕಾರದವರು 2011ರಾಗ ಜಿಐ ಟ್ಯಾಗ್ ಕೊಟ್ಟಾರ. ಟ್ಯಾಗ್ ಅಂದ್ರ ರೇಷನ್ ಕಾರ್ಡ್ ಇದ್ಹಂಗ. ಅದು ಊರಿನವರ ಪೈಕಿ," ಎಂದರು.

ಸೀಜನ್ ಇಲ್ಲದಾಗ ಏನು ತಿನ್ನುವುದು ಎಂದು ಯಾರೂ ಕೇಳುವುದಿಲ್ಲ, ಏಕೆಂದರೆ ಉತ್ತರ ಅವರ ಅಟ್ಟದ ಮೇಲಿದೆ. ಕಾಕು ಬೇಸಿಗೆಯಿಡೀ ಮಾಳಿಗೆಯ ಮೇಲೆ ಸೀರೆ ಹಾಸಿ ಒಣಗಿಸಿದ ಚವಳಿಕಾಯಿ, ಹಾಗಲದ ಬಿಲ್ಲೆ, ಮಜ್ಜಿಗೆಯಲ್ಲಿ ನೆನೆಸಿದ ಬಾಳಕ, ಸಂಡಿಗೆ, ಹಪ್ಪಳ, ಭರಣಿಗಟ್ಟಲೆ ಮಾವಿನ ಉಪ್ಪಿನಕಾಯಿ. ಕಾಗೆ ಓಡಿಸುತ್ತ ಬಿಸಿಲಿನಲ್ಲಿ ಕೂತವಳು ಅವಳು, ಮಳೆಗಾಲದಲ್ಲಿ ಬಾಳಕ ಕಡಿಯುತ್ತ ಸೀಜನ್ ಬಗ್ಗೆ ಭಾಷಣ ಮಾಡುವವರು ಇವರು. "ಸಂಕ್ರಾಂತಿಗೆ ಮಾವಿನಹಣ್ಣು ಪಾಪ, ಸಂಕ್ರಾಂತಿಗೆ ಮಾವಿನ ಉಪ್ಪಿನಕಾಯಿ ಪುಣ್ಯೇನು?" ಎಂದು ಕಾಕು ಒಮ್ಮೆ ಕೇಳಿದ್ದಳಂತೆ. ಕಾಕಾ ಉತ್ತರಿಸಲಿಲ್ಲ. ಬಾಯಲ್ಲಿ ಹೋಳು ಇತ್ತು.

ಇನ್ನು ಸೀಜನ್ ಇದ್ದಾಗಿನ ಕಷ್ಟವೇ ಬೇರೆ. ಅವರೆಕಾಯಿ ಬಂತೆಂದರೆ ಆ ಮನೆಯಲ್ಲಿ ಮುಂಜಾನೆ ಅವರೆಕಾಳಿನ ಉಪ್ಪಿಟ್ಟು, ಮಧ್ಯಾಹ್ನ ಅವರೆಕಾಳಿನ ಪಲ್ಯೆ, ರಾತ್ರಿ ಅದೇ ಪಲ್ಯೆಗೆ ನೀರು ಹಾಕಿದ ಸಾರು. ಧಾರವಾಡದ ಅಳಿಯ ನಾಲ್ಕನೆಯ ದಿನ ತಡೆಯಲಾರದೆ ಬಸ್‌ಸ್ಟ್ಯಾಂಡಿಗೆ ಹೋಗಿ ಗೋಬಿ ಮಂಚೂರಿ ತಿಂದು ಬಂದ. ಸುದ್ದಿ ಅವನಿಗಿಂತ ಮೊದಲು ಮನೆ ಮುಟ್ಟಿತು. ಕಾಕಾ ಸ್ವಲ್ಪ ಯೋಚಿಸಿ, "ಗೋಬಿ ಚಳಿಗಾಲದ್ದೇ, ತಿನ್ನಲಿ ಬಿಡು," ಎಂದರು. ಮಂಚೂರಿ ಯಾವ ಸೀಜನ್ನಿನದು ಎಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಅವರೆ ಚಳಿಗಾಲದಲ್ಲೇ ಏಕೆ ಎಂಬುದಕ್ಕೆ ಕಾಕಾನ ಬಳಿ ಒಳ್ಳೆಯ ಕಾರಣವಿತ್ತು. ಹಗಲು ಗಿಡ್ಡಾಗಿ ರಾತ್ರಿ ಉದ್ದವಾದರೆ ಮಾತ್ರ ಅದು ಹೂ ಬಿಡುತ್ತದೆ, ಬಳ್ಳಿಗೇ ಬುದ್ಧಿ ಇದೆ, ಮನುಷ್ಯನಿಗಿಲ್ಲ. ಜವಾರಿ ಅವರೆಯ ಮಟ್ಟಿಗೆ ಇದು ನೂರಕ್ಕೆ ನೂರು ನಿಜ. ಆದರೆ ಬಾಗಲಕೋಟೆಯಲ್ಲಿ ತೋಟಗಾರಿಕೆ ಓದುವ ಮೊಮ್ಮಗಳು ರಜೆಗೆ ಬರುವಾಗ ಹೆಬ್ಬಾಳ ಅವರೆ-4 ಎಂಬ ಬೀಜ ತಂದು ಹಿತ್ತಲಲ್ಲಿ ಊರಿ ಹೋದಳು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ತಳಿ, ಹಗಲು ಗಿಡ್ಡವೋ ಉದ್ದವೋ ಅದಕ್ಕೆ ಪರಿವೆಯಿಲ್ಲ. ಯಾವಾಗ ಹಾಕಿದರೂ ಹೂ, ಹೂವಾದ ಮೇಲೆ ಕಾಯಿ. ಕಾಕಾ ದಿನವೂ ಎದ್ದು ಆ ಸಾಲನ್ನು ನೋಡದವರಂತೆ ದಾಟಿ ಹೋದರು. ಒಳಗೊಳಗೇ ರೋಗ ಬರಲೆಂದು ಕಾದರು ಎಂದು ಕಾಕು ಹೇಳುತ್ತಾಳೆ.

ಮೃಗಶಿರ ಮಳೆ ಹೊಕ್ಕಿತ್ತು, ಹೊರಗೆ ಬಿಸಿಲು ಮಾತ್ರ ಧಗಧಗ. ಊಟದ ತಾಟಿನಲ್ಲಿ ಜೋಳದ ರೊಟ್ಟಿಯ ಪಕ್ಕ ಹಸಿರು ಅವರೆಕಾಳಿನ ಪಲ್ಯೆ ಬಂದು ಕೂತಿತು. ಜೂನ್ ತಿಂಗಳಲ್ಲಿ ಅವರೆ! ಕಾಕಾ ಮೊದಲು ಮೂಸಿದರು. "ಸೊಗಡಿಲ್ಲ," ಎಂದರು. ಒಂದು ಕಾಳನ್ನು ಬೆರಳಲ್ಲಿ ಹಿಸುಕಿ ಸಿಪ್ಪೆ ಬಿಡಿಸಿ ನೋಡಿದರು. ರೊಟ್ಟಿ ಮುರಿದರು. ಎರಡನೆಯ ಸಲ ಬಡಿಸುವಾಗ ಕಾಕು ಸೌಟು ಮೇಲೆಯೇ ಹಿಡಿದು, "ಸೀಜನ್ ಅಲ್ಲಲ್ರೀ?" ಎಂದಳು.

ಕಾಕಾ ಬಾಗಿಲಾಚೆಯ ಬಿಸಿಲನ್ನು ನೋಡಿ, ತಾಟು ಮುಂದೆ ಸರಿಸಿದರು.

"ಮೃಗಶಿರ ಹೊಕ್ಕು ಎಂಟು ದಿನ ಆತು, ಒಂದ್ ಹನಿ ಇಲ್ಲ. ಮಳಿನ ದಾರಿ ತಪ್ಪಿದ ಮ್ಯಾಲೆ ಅವರಿಕಾಯಿದೇನು ತಪ್ಪು? ಹಾಕು."