ಬಲಮಗ್ಗುಲ ಭಾವ

ಕನ್ನಡ ಕೂಟದ ಯುಗಾದಿ ಊಟಕ್ಕೆ ಎಲ್ಲರೂ ಸಾಲು ನಿಂತಿರುವಾಗ ಒಬ್ಬರು ಮಾತ್ರ ಹೊರಗೆ ಕುಕ್ಕರಗಾಲಲ್ಲಿ ಕೂತು ಯಾರದೋ ಗಾಡಿಯ ತಳ ಬಗ್ಗಿ ನೋಡುತ್ತಿರುತ್ತಾರೆ. ಉಟ್ಟ ರೇಷ್ಮೆ ಪಂಚೆಯ ಅಂಚಿಗೆ ಗ್ರೀಸು ಹತ್ತಿರುತ್ತದೆ. ಇಂಥವರು ಊರಿಗೊಬ್ಬರು ಇದ್ದೇ ಇರುತ್ತಾರೆ. ಮಿಶಿಗನ್ನಿನ ನಮ್ಮ ಕಡೆ ಆ ಹುದ್ದೆ ನಮ್ಮ ಭಾವನವರದು.

ಭಾವನವರ ಬಳಿ 1976ರ ಜಿಎಂಸಿ ಮೋಟಾರ್‌ಹೋಮ್ ಇದೆ. ಒಲೆ, ಮಂಚ, ಬಚ್ಚಲು ಎಲ್ಲವನ್ನೂ ಹೊತ್ತುಕೊಂಡು ಓಡುವ ಮನೆ. ಓಡಬೇಕಾದ ಮನೆ ಎನ್ನೋಣ. ಜನರಲ್ ಮೋಟರ್ಸ್ ಇದನ್ನು 1973ರಿಂದ 1978ರವರೆಗೆ ಇಲ್ಲೇ ಪಾಂಟಿಯಾಕ್ ಊರಿನಲ್ಲಿ ತಯಾರಿಸಿ, ಹದಿಮೂರು ಸಾವಿರ ತುಂಬುವ ಮೊದಲೇ ಕೈಬಿಟ್ಟಿತು. 26 ಅಡಿ ಉದ್ದ, ಹಿಂದೆ ಒಂದೊಂದು ಬದಿಗೂ ಒಂದರ ಬೆನ್ನಿಗೊಂದರಂತೆ ಎರಡೆರಡು ಚಕ್ರ, ಮುಂದಿನ ಚಕ್ರ ಎಳೆಯಲು ಏಳೂವರೆ ಲೀಟರಿನ ಓಲ್ಡ್ಸ್‌ಮೊಬೈಲ್ ಎಂಜಿನ್. ಪೆಟ್ರೋಲು ಎಷ್ಟು ಕುಡಿಯುತ್ತದೆಂದು ಅಕ್ಕನ ಎದುರಿಗೆ ಕೇಳಬಾರದು.

ಮೈಯೆಲ್ಲ ಅಲ್ಯೂಮಿನಿಯಂ ಮತ್ತು ಫೈಬರ್‌ಗ್ಲಾಸ್. "ಮಿಶಿಗನ್ನಿನ ಉಪ್ಪಿಗೂ ತುಕ್ಕು ಹಿಡಿಯಲ್ಲಪ್ಪಾ ಇದು!" ಎಂದು ಭಾವ ಅದರ ಮೈ ಸವರುತ್ತಾರೆ. ಅಡಿಯಲ್ಲಿರುವ ಉಕ್ಕಿನ ಚಾಸಿಸ್ಸಿನ ಮಾತು ಎತ್ತುವುದಿಲ್ಲ. ತುಕ್ಕು ಹಿಡಿಯದ್ದಕ್ಕೆ ಇನ್ನೊಂದು ಗುಣವೂ ಉಂಟು. ತಗಡು ಪೆಟ್ಟು ತಿಂದರೆ ತಗ್ಗಾಗುತ್ತದೆ, ಬಡಿದು ಸರಿಮಾಡಬಹುದು. ಫೈಬರ್‌ಗ್ಲಾಸ್ ಸೀಳುತ್ತದೆ. ಮಾತುಮಾತಿಗೆ "ಬೆಂಗಳೂರಿನ ಜೆ.ಸಿ. ರೋಡಲ್ಲಾಗಿದ್ರೆ ಸಾಯಂಕಾಲದೊಳಗೆ ಬಡಿದು ಕೊಡ್ತಿದ್ರು" ಎನ್ನುವ ಭಾವನವರಿಗೆ ಇಲ್ಲಿ ಸುತ್ತಿಗೆಯೇ ಉಪಯೋಗಕ್ಕೆ ಬಾರದೆ ಹೋಯಿತು.

ಸೀಳಿದ್ದು ಬಲಬದಿಯ ಹಿಂದಿನ ಪ್ಯಾನೆಲ್, ಪೆಟ್ರೋಲ್ ಬಂಕಿನ ಹಳದಿ ಕಂಬಕ್ಕೆ ತಾಗಿ. ಅಮೆರಿಕದಲ್ಲಿ ಡ್ರೈವರ್ ಕೂರುವುದು ಎಡಕ್ಕೆ. ಬಲಕ್ಕೆ ತಿರುಗಿಸಿದಾಗ ಹಿಂದಿನ ಚಕ್ರಗಳು ಒಳಗೊಳಗೇ ಕತ್ತರಿಸಿಕೊಂಡು ಬರುತ್ತವೆ, ಅವನಿಗೆ ಕಾಣುವುದಿಲ್ಲ. ಹಾಗಾಗಿ ಈ ಜಾತಿಯ ಗಾಡಿಗಳೆಲ್ಲ ಒಡೆದುಕೊಳ್ಳುವುದು ಬಲಮಗ್ಗುಲನ್ನೇ. ಏಳುವಾಗ ಬಲಮಗ್ಗುಲಲ್ಲಿ ಏಳಬೇಕು ಎಂದು ಹೇಳಿಕೊಟ್ಟ ನಮ್ಮ ಅಜ್ಜಿಗೆ ಇದು ಗೊತ್ತಿರಲಿಲ್ಲ.

ಭಾವ ಗುಜರಿಗಳನ್ನು ಜಾಲಾಡಿದರು. ಸಿಕ್ಕಿದ್ದೆಲ್ಲ ಎಡಬದಿಯವು. ಅಗ್ಗವೆಂದು ಅವನ್ನೂ ತಂದರು. ಆಮೇಲೆ ಬಿಡಿಭಾಗ ಬಿಚ್ಚಿಕೊಳ್ಳಲೆಂದು ಇನ್ನೊಂದು ಇಡೀ ಗಾಡಿಯನ್ನೇ ಕೊಂಡರು. ಅದರ ಬಲಬದಿಯೂ ಒಡೆದಿತ್ತು, ಮಿಕ್ಕದ್ದು ಮೊದಲನೆಯದಕ್ಕಿಂತ ಚೆನ್ನಾಗಿತ್ತು. "ಇಂಥದ್ದನ್ನ ಬಿಚ್ಚೋಕೆ ಮನಸ್ಸು ಬರತ್ತೇನೋ?" ಈಗ ಮನೆ ಮುಂದೆ ಎರಡು ನಿಂತಿವೆ. ಬಡಾವಣೆಯ ಸಂಘದಿಂದ ಪತ್ರಗಳು ಬರುತ್ತಿವೆ. ಅಕ್ಕ ಅವನ್ನು ಫ್ರಿಜ್ಜಿನ ಬಾಗಿಲಿಗೆ ಸಾಲಾಗಿ ಅಂಟಿಸಿದ್ದಾಳೆ.

"ರೀ, ಎಡಗಡೇದನ್ನೇ ತಿರುಗಿಸಿ ಹಾಕ್ಬಾರ್ದೇ?" ಎಂದಳು ಅಕ್ಕ ಒಮ್ಮೆ. ಭಾವ ಉತ್ತರ ಕೊಡದೆ ತಮ್ಮ ಎಡಗಾಲಿನ ಬೂಟು ತಂದು ಅವಳ ಬಲಗಾಲಿನ ಮುಂದಿಟ್ಟರು. ಆ ರಾತ್ರಿ ಊಟ ತಡವಾಯಿತು. ಮಗಳು, ಎಡಗಡೆಯದನ್ನೇ ಸ್ಕ್ಯಾನ್ ಮಾಡಿ ಕಂಪ್ಯೂಟರಿನಲ್ಲಿ ಕನ್ನಡಿಬಿಂಬ ಮಾಡಿಕೊಡುತ್ತೇನೆ, ಯಂತ್ರದಲ್ಲಿ ಫೋಮ್ ಕೊರೆಸಿ ಅಚ್ಚು ಮಾಡಿಕೊಳ್ಳಬಹುದು ಎಂದಳು. ಒಳ್ಳೆಯ ಉಪಾಯ. ಆದರೆ ಭಾವನಂಥವರಿಗೆ ಮಕ್ಕಳು ಹೇಳಿದ ಉಪಾಯ ಒಗ್ಗುವುದಿಲ್ಲ.

ಒಹಾಯೋದಲ್ಲಿ ಇವರದೇ ಗೋತ್ರದ ಇನ್ನೊಬ್ಬರು ಸಿಕ್ಕರು. ಅವರ ಅಟ್ಟದ ಮೇಲೆ ಇಡಿಯಾದ ಬಲಬದಿ ಇತ್ತು. ಮಾರುವುದಿಲ್ಲ, ಅಚ್ಚು ತೆಗೆದುಕೊಂಡು ವಾಪಸು ಕೊಡಿ ಎಂದರು ಪಾಪ. ಅಂದಿನಿಂದ ಅಕ್ಕನ ಮನೆ ಕಾರ್ಖಾನೆಯಾಯಿತು. ಮೇಲೆ ಜೆಲ್‌ಕೋಟು, ಅದರ ಮೇಲೆ ಗಾಜಿನ ನಾರಿನ ಚಾಪೆ, ಚಾಪೆಗೆ ಪಾಲಿಯೆಸ್ಟರ್ ರೆಸಿನ್. ರೆಸಿನ್ನಿಗೆ ಹಾರ್ಡನರ್ ಬೆರೆಸುವುದೆಂದರೆ ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೆಚ್ಚಾದರೆ ಡಬ್ಬಿಯಲ್ಲೇ ಕುದಿ ಬಂದು ಕಲ್ಲಾಗುತ್ತದೆ, ಚಳಿ ಇದ್ದರೆ ಬೆಳಗಾದರೂ ಅಂಟಂಟು. ಮಿಶಿಗನ್ನಿನ ಜನವರಿ, ಗ್ಯಾರೇಜೆಲ್ಲ ಹಿಮ. ರೆಸಿನ್ ಒಳಮನೆಗೆ ಬಂತು, ಸಾರಿಗೂ ಅದರ ವಾಸನೆ ಹತ್ತಿತು. ಉಜ್ಜಿದ ಗಾಜಿನ ಪುಡಿ ಭಾವನ ಅಂಗಿಯ ಜೊತೆ ವಾಷಿಂಗ್ ಮಷೀನಿಗೆ ಹೋಗಿ, ಮನೆಮಂದಿಯೆಲ್ಲ ಮೈ ಕೆರೆದುಕೊಂಡರು.

ಅಚ್ಚು ಚೆನ್ನಾಗಿಯೇ ಕೂತಿತು, ಏಳಲಿಲ್ಲ ಅಷ್ಟೆ. ಮೊದಲು ಬಳಿಯಬೇಕಾದ ಮೇಣವನ್ನು ಭಾವ ಕೈ ಹಿಡಿದು ಬಳಿದಿದ್ದರು. ಇಷ್ಟೆಲ್ಲ ದುಂದು ಮಾಡುವವರು ಮೇಣದಲ್ಲಿ ಯಾಕೆ ಜಿಪುಣರಾದರೋ! ಉಳಿ ಹಾಕಿ ಮೀಟಿದಾಗ ಅಚ್ಚೂ ಪ್ಯಾನೆಲ್ಲೂ ಒಟ್ಟಿಗೇ ಸೀಳಿದವು. ಭಾವ ಸ್ವಲ್ಪ ಹೊತ್ತು ಸುಮ್ಮನಿದ್ದು, "ನೋಡಪ್ಪಾ, ಅಂಟು ಮಾತ್ರ ಬಹಳ ಗಟ್ಟಿಯಾಗಿತ್ತು" ಎಂದರು.

ಓದುಗರಲ್ಲಿ ಒಂದು ವಿನಂತಿ. ಯಾರ ಹಿತ್ತಲಲ್ಲಾದರೂ ಜಿಎಂಸಿ ಮೋಟಾರ್‌ಹೋಮಿನ ಬಲಬದಿಯ ಹಿಂದಿನ ಪ್ಯಾನೆಲ್ ಇದ್ದರೆ ದಯವಿಟ್ಟು ತಿಳಿಸಿ. ಮೂರು ಬೇಕು: ಎರಡು ಭಾವನಿಗೆ, ಒಂದು ಒಹಾಯೋದವರಿಗೆ. ಎಡಬದಿಯವು ನಮ್ಮಲ್ಲಿ ಬೇಕಾದಷ್ಟಿವೆ, ಪುಕ್ಕಟೆ ಕೊಡುತ್ತೇವೆ.